ಲೀಟರ್ ಮಾವನ ಡೀಸೆಲ್ ಉಳಿತಾಯ

ನೀರು ಸರಬರಾಜು ಕಚೇರಿಯಲ್ಲಿದ್ದು, ಮನೆಮನೆಯ ಮೀಟರ್ ಓದಿ ನಿವೃತ್ತರಾದವರು ಲೀಟರ್ ಮಾವ. ಆ ಹೆಸರು ಬೀದಿಯ ಜನ ಇಟ್ಟದ್ದು. ಯಾರ ಮನೆಗೆ ಹೊಸ ಕಾರು ಬಂದರೂ ಮಾವ ಬಣ್ಣ ನೋಡಿದವರಲ್ಲ, ಸೀಟು ಮುಟ್ಟಿದವರಲ್ಲ, "ಲೀಟರಿಗೆ ಎಷ್ಟು ಕೊಡುತ್ತೆ?" ಎಂದೇ ಕೇಳುವರು. ಉತ್ತರ ಏನೇ ಬರಲಿ, "ಅಯ್ಯೋ, ಮೋಸ ಹೋದಿರಿ" ಎಂದು ಮರುಗಿ, ಆ ಮನೆಯವರ ಮುಖ ಬಾಡಿದ ಮೇಲೆಯೇ ಜಾಗ ಬಿಡುವರು.

ಅವರ ಹೆಂಡತಿ, ಬೀದಿಗೆಲ್ಲ ಅತ್ತೆ, ಪರದೆ ಹೊಲಿಯುವವರು. ಊರಿನ ಆಚೆ ತುದಿಯ ಅಂಗಡಿಗೆ ಗಂಟು ಹೊತ್ತು ಬಸ್ಸಿನಲ್ಲಿ ಹೋಗಿ ಹೋಗಿ ಬಲಭುಜ ಸೋತಿತ್ತು. ಹೀಗೇ ಹೊತ್ತರೆ ಹೊಲಿಗೆಯನ್ನೇ ಬಿಡಬೇಕಾದೀತು ಎಂದು ವೈದ್ಯರು ಎಚ್ಚರಿಸಿದ್ದರು. ಅತ್ತೆ ಕಾರು ಓಡಿಸುವುದನ್ನು ಕಲಿತು, ಲೈಸೆನ್ಸನ್ನೂ ಪಡೆದು ಕಾದರು. ಇಲ್ಲದ್ದು ಕಾರು ಮಾತ್ರ.

"ಕಮ್ಮಿ ಓಡಾಟಕ್ಕೆ ಪೆಟ್ರೋಲೇ ಸರಿ ಕಣೇ," ಎಂದು ಮಾವ ಶುರುಮಾಡುವರು. "ಆದರೆ ಹೆಜ್ಜೆಗೊಂದು ಸಿಗ್ನಲ್ ಇರೋ ಊರಲ್ಲಿ ಅದು ಸುಮ್ಮನೆ ಕುಡಿಯುತ್ತೆ. ಇಲ್ಲಿಗೆ ಹೈಬ್ರಿಡ್ಡೇ ಜಾಣ. ನಿಂತರೆ ಇಂಜಿನ್ ಆಫ್, ಬ್ರೇಕ್ ಒತ್ತಿದರೆ ಬ್ಯಾಟರಿ ತುಂಬುತ್ತೆ. ಆದರೆ ಅದರ ಬೆಲೆ ಹುಟ್ಟಬೇಕಾದರೆ ಬಹಳ ಓಡಿಸಬೇಕು. ಬಹಳ ಓಡಿಸೋದಾದರೆ ಡೀಸೆಲ್ಲೇ ಇದೆಯಲ್ಲ!"

"ನನಗೆ ಬೇಕಾಗಿರೋದು ಡಿಕ್ಕಿ ರೀ," ಎಂದರು ಅತ್ತೆ. "ಅದು ಮೂರರಲ್ಲೂ ಇರುತ್ತೆ."

ಅಂತೂ ಡೀಸೆಲ್ ಕಾರು ಮನೆಗೆ ಬಂತು. ಮರುವಾರವೇ ಗ್ಯಾರೇಜಿನವನು ಹೇಳಿದ: "ಮಾವ, ಇದು ದೂರ ಓಡಬೇಕಾದ ಗಾಡಿ. ಬರೀ ಅಂಗಡಿಗೆ ಹೋಗಿ ಬಂದರೆ ಹೊಗೆ ಫಿಲ್ಟರಲ್ಲಿ ಮಸಿ ಕಟ್ಟುತ್ತೆ. ಕೊಟ್ಟ ಬೆಲೆಯೂ ಹುಟ್ಟಲ್ಲ."

ಅಂದಿನಿಂದ ಮಾವ ಉಳಿತಾಯಕ್ಕಾಗಿ ಓಡಿಸತೊಡಗಿದರು. ಬೆಳಗ್ಗೆ ಹೊರಟರೆ ಊರ ಹೊರಗಿನ ದೊಡ್ಡ ರಸ್ತೆಯನ್ನು ಸುತ್ತಿ ಸುತ್ತಿ, ಎಲ್ಲಿಗೂ ಹೋಗದೆ, ಸಂಜೆ ಯುದ್ಧ ಗೆದ್ದವರಂತೆ ಮರಳುವರು. "ಇವತ್ತು ಪೆಟ್ರೋಲ್ ಗಾಡಿಯಾಗಿದ್ದರೆ ಎಷ್ಟು ಹೋಗ್ತಿತ್ತು ಗೊತ್ತೇನೇ?"

"ಹಾಗೇ ನನ್ನನ್ನೂ ಅಂಗಡಿಗೆ ಬಿಡಬಾರದೇನ್ರೀ?"

"ಪೇಟೆಯೊಳಗೆ ಹೊಕ್ಕರೆ ಸರಾಸರಿ ಹಾಳಾಗುತ್ತೆ."

ಅತ್ತೆ ಗಂಟು ಹೊತ್ತು ಬಸ್ಸು ಹತ್ತುವರು.

ಒಂದು ದಿನ ಬಸ್ಸು ಬಂಕಿನ ಎದುರಿನ ನಿಲ್ದಾಣದಲ್ಲಿ ನಿಂತಾಗ ಅವರಿಗೆ ಕಿಟಕಿಯಿಂದ ಮಾವ ಕಂಡರು. ಟ್ಯಾಂಕಿನಲ್ಲಿ ಗಾಳಿ ಉಳಿದರೆ ಲೆಕ್ಕ ತಪ್ಪುತ್ತದೆಂದು, ಬೆವರು ಸುರಿಸುತ್ತಾ ಕಾರನ್ನು ಎರಡೂ ಕೈಯಿಂದ ಅಲ್ಲಾಡಿಸುತ್ತಿದ್ದರು. ಬಂಕಿನವನು ಕೊನೆಯ ಹನಿ ಹಾಕಿ ಮುಚ್ಚಳ ತಿರುಗಿಸಿದ. ಅಷ್ಟರಲ್ಲಿ ಅತ್ತೆ ಬಸ್ಸಿಳಿದು ರಸ್ತೆ ದಾಟಿ ಬಂದು, ಡಿಕ್ಕಿಯಲ್ಲಿ ಗಂಟು ಇಟ್ಟು, ಸ್ಟಿಯರಿಂಗಿನ ಮುಂದೆ ಕೂತರು.

ಮಾವ ಗಾಬರಿಯಾದರು. "ಏಯ್, ಭಾರ ಹೆಚ್ಚಾದರೆ ಮೈಲೇಜ್ ಬೀಳುತ್ತೆ ಕಣೇ!"

"ಹಾಗಾದರೆ ನೀವು ಹತ್ತಬೇಡಿ," ಎಂದು ಅತ್ತೆ ಗಾಡಿ ಹೊರಡಿಸಿಯೇಬಿಟ್ಟರು.

ಬಂಕಿನವನು ನಗು ತಡೆಯಲಾರದೆ ಅತ್ತ ತಿರುಗಿಕೊಂಡ. ಮಾವ ಮುಂದಿನ ಬಸ್ಸು ಹತ್ತಿ, ಅಭ್ಯಾಸ ಬಿಡದೆ ಡ್ರೈವರನ್ನು ಕೇಳಿದರು: "ಇದು ಲೀಟರಿಗೆ ಎಷ್ಟು ಕೊಡುತ್ತೆ?"

"ಒಳಗೆ ಹೋಗ್ರೀ, ದಾರಿ ಬಿಡಿ," ಎಂದ ಅವನು.

ಅತ್ತೆಯ ಭುಜ ಈಗ ವಾಸಿ. ಕಾರಿನ ಕೀಲಿ ಅವರ ಹೊಲಿಗೆ ಡಬ್ಬಿಯಲ್ಲಿ, ಸೂಜಿಗಳ ನಡುವೆ ಇರುತ್ತದೆ. ಮಾವ ಒಂದೇ ಒಂದು ಸಲ ಕೈ ಹಾಕಿ ನೋಡಿದ್ದಾರೆ.