ಸ್ಪೀಕರ್ ಇಲ್ಲದ ಬೋರ್ಡಿನ ಸದ್ದು

ದೂರವಾಣಿ ಉಪಕರಣಗಳ ಕಾರ್ಖಾನೆಯೊಂದರ ದುರಸ್ತಿ ವಿಭಾಗದಿಂದ ನಿವೃತ್ತಳಾದ ಮೇಲೆ ಬಸವೇಶ್ವರನಗರದ ನಮ್ಮ ಮನೆಯ ಮುಂದಿನ ಕೋಣೆಯಲ್ಲಿ ಒಂದು ಸಣ್ಣ ವರ್ಕ್‌ಶಾಪ್ ಮಾಡಿಕೊಂಡೆ. ಲ್ಯಾಪ್‌ಟಾಪ್, ಯುಪಿಎಸ್ ಕಾರ್ಡುಗಳ ಜೊತೆಗೆ ನಾನು ಎಣಿಸಿರದ ಒಂದು ಕೆಲಸವೂ ಬರತೊಡಗಿತು. ಟಿವಿಗೆ ಜೋಡಿಸಿ ಆಡುವ ಹಳೆಯ ಗೇಮ್ ಕನ್ಸೋಲ್‌ನ ಮದರ್‌ಬೋರ್ಡನ್ನು ಕತ್ತರಿಸಿ, ಕೈಯಲ್ಲಿ ಹಿಡಿದು ಆಡುವಷ್ಟು ಚಿಕ್ಕ 'ಹ್ಯಾಂಡ್‌ಹೆಲ್ಡ್' ಮಾಡುವ ಕೆಲಸ.

ಇದರಲ್ಲಿ ಪ್ರೊಸೆಸರ್ ಮತ್ತು ಮೆಮೊರಿ ಇರುವ ನಡುಭಾಗವನ್ನಷ್ಟೇ ಉಳಿಸಿ ಸುತ್ತಲಿನದನ್ನು ಗರಗಸದಿಂದ ತೆಗೆಯುತ್ತಾರೆ. ಕರೆಂಟನ್ನು ಹದಮಾಡಿ ಕೊಡುವ ರೆಗ್ಯುಲೇಟರ್‌ಗಳು ಕತ್ತರಿಸಿದ ಭಾಗದೊಂದಿಗೆ ಹೋಗುವುದರಿಂದ, ಅವುಗಳ ಬದಲು ಒಂದು ಪುಟ್ಟ ಕಾರ್ಡ್ ಹಾಕುತ್ತಾರೆ. ಬೋರ್ಡಿನೊಳಗೆ ತಾಮ್ರ ಪದರಪದರವಾಗಿರುತ್ತದೆ. ಗರಗಸ ಆಡಿದ ಅಂಚಿನಲ್ಲಿ ಒಂದು ಪದರ ಇನ್ನೊಂದಕ್ಕೆ ತಾಗಿದರೆ ಶಾರ್ಟ್ ಆಗಿ ಅಲ್ಲಿಗೆ ಮುಗಿಯಿತು. ಕಾಲೇಜು ಹುಡುಗರು ಇದನ್ನು ಹವ್ಯಾಸಕ್ಕೆ ಮಾಡುತ್ತಾರೆ. ಅರ್ಧಕ್ಕೆ ಕೈಕೊಟ್ಟಾಗ ನನ್ನ ಹತ್ತಿರ ತರುತ್ತಾರೆ.

ಕಳೆದ ಬೇಸಿಗೆ ರಜೆಯಲ್ಲಿ ಮೂಡಲಪಾಳ್ಯದಿಂದ ವೀಣಾ ಎಂಬ ಹೈಸ್ಕೂಲ್ ಟೀಚರ್ ಬಂದರು. ಟವೆಲ್ಲಿನಲ್ಲಿ ಸುತ್ತಿದ್ದ ಅರೆಬರೆ ಹ್ಯಾಂಡ್‌ಹೆಲ್ಡ್ ಒಂದನ್ನು ಮೇಜಿನ ಮೇಲಿಟ್ಟರು. ಜೊತೆಗಿದ್ದ ಮಗಳು ಸಿರಿಗೆ ಹನ್ನೊಂದು ವರ್ಷವಿರಬಹುದು. ಅವಳು ಒಳಗೆ ಬರದೆ ಗೇಟಿನ ಹತ್ತಿರವೇ ನಿಂತಳು.

"ಇದನ್ನ ನಮ್ಮೆಜಮಾನ್ರು ಶುರು ಮಾಡಿದ್ದು ಮೇಡಂ, ಇವಳ ಬರ್ತ್‌ಡೇಗೆ ಅಂತ. ಅಷ್ಟರಲ್ಲಿ ಡೆಂಗಿ ಬಂತು, ಹೋಗ್ಬಿಟ್ರು," ಎಂದರು ವೀಣಾ. ಆಮೇಲೆ ಮಗಳತ್ತ ನೋಡಿ ದನಿ ತಗ್ಗಿಸಿದರು. "ಬಟ್ಟೆ ಬೀರುವಲ್ಲಿ ಇಟ್ಟಿದ್ದೆ. ಅದು ಅಳುತ್ತೆ ಅಂತಾಳೆ. ನಂಗೇನೂ ಕೇಳ್ಸಲ್ಲ. ಕಿವಿ ಡಾಕ್ಟರಿಗೆ ತೋರ್ಸಿದ್ವಿ, ನಾರ್ಮಲ್ ಅಂದ್ರು. ನಮ್ಮತ್ತೆ ತಾಯತ ಕಟ್ಸಿದ್ರು. ಇವತ್ತು ಬೆಳಿಗ್ಗೆ ಚಾರ್ಜಿಗೆ ಹಾಕಿ, ಆನ್ ಮಾಡಿ ತೋರಿಸ್ಬಿಡೋಣ, ಭಯ ಹೋಗ್ಲಿ ಅಂತ ಹೊರಟೆ. ಕಿರುಚಿ ನನ್ನ ಕೈ ಹಿಡ್ಕೊಂಡ್ಳು. ಅದಕ್ಕೇ ತಂದೆ."

ನಾನು ಗೇಟಿಗೆ ಹೋಗಿ ಹುಡುಗಿಯನ್ನು ಕೇಳಿದೆ, "ಹೇಗೆ ಅಳುತ್ತೆ ಪುಟ್ಟ?"

"ಸಣ್ಣಕ್ಕೆ ಆಂಟಿ. ನಿಲ್ಲಿಸೋದೇ ಇಲ್ಲ. ಮೊದ್ಲು ಜೋರಾಗಿತ್ತು, ಈಗ ದಿನಾ ಕಮ್ಮಿ ಆಗ್ತಾ ಇದೆ. ಇವತ್ತು ಬೆಳಿಗ್ಗೆನೂ ಬೀರುವಿಂದ ಕೇಳಿಸ್ತು." ರಸ್ತೆಯ ಕಡೆ ನೋಡುತ್ತ ಹೇಳಿದಳು, "ಅಪ್ಪ ದೂರ ಹೋಗ್ತಾ ಇದಾರೆ."

ನಡುಮಧ್ಯಾಹ್ನದ ಬಿಸಿಲು. ರಸ್ತೆಯಲ್ಲಿ ಸ್ಕೂಟರುಗಳು ಓಡಾಡುತ್ತಿದ್ದವು. ಆದರೂ ನನ್ನ ಬೆನ್ನು ತಣ್ಣಗಾಯಿತು.

ಹಿಂದಿನ ಮುಚ್ಚಳ ತೆಗೆದೆ. ಬೋರ್ಡನ್ನು ವೀಣಾ ಅವರ ಗಂಡ ಗಿರೀಶ್ ನೀಟಾಗಿಯೇ ಕತ್ತರಿಸಿದ್ದರು, ಅಂಚನ್ನು ತಾಳ್ಮೆಯಿಂದ ಉಜ್ಜಿದ್ದರು. ಸ್ಪೀಕರ್ ಇನ್ನೂ ಕೂರಿಸಿರಲಿಲ್ಲ. ಸದ್ದು ಮಾಡಬಲ್ಲ ಸಾಮಾನು ಅದರಲ್ಲಿ ಒಂದೂ ಇರಲಿಲ್ಲ. ಆದರೆ ಲಿಥಿಯಂ ಬ್ಯಾಟರಿಯನ್ನು ಅವರು ಬೋರ್ಡಿಗೆ ಬೆಸೆದಾಗಿತ್ತು. ಅಂದರೆ ಬೀರುವಿನ ಕತ್ತಲೆಯಲ್ಲಿ ಇಷ್ಟು ದಿನವೂ ಅದಕ್ಕೆ ಒಂದಿಷ್ಟು ಕರೆಂಟ್ ಹರಿಯುತ್ತಲೇ ಇತ್ತು. ಬ್ಯಾಟರಿ ಮೆಲ್ಲಮೆಲ್ಲಗೆ ಬರಿದಾಗುತ್ತಿತ್ತು.

ಬ್ಯಾಟರಿ ಬಿಡಿಸಿ, ಬೆಂಚ್ ಸಪ್ಲೈಗೆ ತಂತಿ ಜೋಡಿಸಿದೆ. ಎಷ್ಟು ಕರೆಂಟ್ ಹರಿಯಬೇಕೆಂದು ಮಿತಿ ಹಾಕಬಹುದಾದ ಯಂತ್ರ ಅದು. ತೀರ ಕಡಿಮೆ ಇಟ್ಟು ಸ್ವಿಚ್ ಒತ್ತಿದೆ. ಪರದೆ ಬೆಳಗಲಿಲ್ಲ, ದೀಪವೂ ಹತ್ತಲಿಲ್ಲ. ನನ್ನ ಕಿವಿಗೆ ಫ್ಯಾನಿನ ಸದ್ದು ಬಿಟ್ಟರೆ ಇನ್ನೇನೂ ಇಲ್ಲ. ಗೇಟಿನ ಬಳಿ ನನಗೆ ಬೆನ್ನು ಮಾಡಿ ನಿಂತಿದ್ದ ಸಿರಿ ಎರಡೂ ಕಿವಿ ಮುಚ್ಚಿಕೊಂಡಳು.

ವೀಣಾ ನನ್ನ ಮುಖ ನೋಡಿದರು. ನಾನು ಸುಮ್ಮನಿರಿ ಎಂದು ಸನ್ನೆ ಮಾಡಿ, ಹುಡುಗಿಯನ್ನು ನಡುಮನೆಯಲ್ಲಿ ಗೋಡೆಯ ಕಡೆ ಮುಖ ಮಾಡಿ ಕೂರಿಸಿದೆ. ಸ್ವಿಚ್ಚನ್ನು ಮೇಜಿನ ಕೆಳಗೆ, ಯಾರಿಗೂ ಕಾಣದ ಹಾಗೆ, ನನಗೆ ತೋಚಿದಾಗ ಒತ್ತಿದೆ, ತೋಚಿದಾಗ ತೆಗೆದೆ.

"ಈಗ ಅಳ್ತಿದೆ," ಎಂದಳು ಒಳಗಿನಿಂದ. "ಈಗ ಇಲ್ಲ... ಇಲ್ಲ... ಈಗ."

ಒಂದು ಸಲವೂ ತಪ್ಪಲಿಲ್ಲ. ವೀಣಾ ಗೋಡೆಗೆ ಒರಗಿ ನಿಂತುಬಿಟ್ಟರು. ನಾನು ಸ್ವಿಚ್ಚಿನಿಂದ ಬೆರಳು ಹಿಂದಕ್ಕೆ ತೆಗೆದೆ. ಇಷ್ಟು ವರ್ಷಗಳ ಕಸುಬಿನಲ್ಲಿ ಒಂದು ಬೋರ್ಡನ್ನು ಮುಟ್ಟಲು ಅಂಜಿದ್ದು ಅದೇ ಮೊದಲು.

ಆಮೇಲೆ ಮೊಬೈಲಿನಲ್ಲಿ ಸದ್ದನ್ನು ಗೆರೆಯಾಗಿ ತೋರಿಸುವ ಆ್ಯಪ್ ತೆರೆದು ಬೋರ್ಡಿನ ಪಕ್ಕ ಹಿಡಿದೆ. ಸುಮಾರು ಹದಿನಾರು ಕಿಲೋಹರ್ಟ್ಜ್‌ನಲ್ಲಿ ಒಂದು ಗೆರೆ ಸೂಜಿಯಂತೆ ಎದ್ದು ನಿಂತಿತು. ಅಷ್ಟು ಕೀಚಲು ಸದ್ದು ಮಕ್ಕಳ ಕಿವಿಗೆ ಮುಟ್ಟುತ್ತದೆ. ವಯಸ್ಸಾದಂತೆ ನಮಗೆ ಮುಟ್ಟುವುದಿಲ್ಲ. ಕಿವಿ ಪರೀಕ್ಷೆಯಲ್ಲೂ ಸಾಮಾನ್ಯವಾಗಿ ಅಷ್ಟು ಮೇಲಿನವರೆಗೆ ಹೋಗುವುದಿಲ್ಲ.

ಎಲ್ಲಿಂದ ಬರುತ್ತಿದೆ ಎಂದು ಮೈಕ್ರೋಸ್ಕೋಪಿನಡಿ ಹುಡುಕಿದೆ. ಕತ್ತರಿಸಿದ ಅಂಚಿಗೆ ಹತ್ತಿರ, ಅಕ್ಕಿಕಾಳಿಗಿಂತ ಚಿಕ್ಕದಾದ, ಕರೆಂಟನ್ನು ಕ್ಷಣಕಾಲ ಹಿಡಿದಿಟ್ಟು ಬಿಡುವ ಒಂದು ಸೆರಾಮಿಕ್ ಕೆಪಾಸಿಟರ್. ಕರೆಂಟಿನ ಏರಿಳಿತಕ್ಕೆ ಈ ಜಾತಿಯ ಕೆಪಾಸಿಟರ್ ತಾನೇ ಕಂಪಿಸಿ ಸದ್ದು ಮಾಡಬಲ್ಲದು. ಇದರ ಬುಡದಲ್ಲಿ ಕೂದಲೆಳೆಯಂಥ ಬಿರುಕು. ಗರಗಸ ಆಡುವಾಗ ಬೋರ್ಡ್ ಒಂದಿಷ್ಟು ಬಾಗಿದ್ದಿರಬೇಕು. ಬಿರುಕಿನಲ್ಲಿ ಕರೆಂಟ್ ಸೋರಿ ಬಿಸಿಯಾಗಿ, ಅದರ ಎದುರಿಗಿದ್ದ ಮುಚ್ಚಳದ ಪ್ಲಾಸ್ಟಿಕ್ ಕಂದಿ ಕಂದುಬಣ್ಣಕ್ಕೆ ತಿರುಗಿತ್ತು. ಬರಿದಾಗುತ್ತಿದ್ದ ಬ್ಯಾಟರಿಯಲ್ಲಿಯೇ ಇಷ್ಟು. ಚಾರ್ಜರ್ ಹಾಕಿದ್ದರೆ ಪೂರ್ತಿ ಶಾರ್ಟ್ ಆಗಿ, ಆ ಬ್ಯಾಟರಿ ಹೊತ್ತಿಕೊಳ್ಳುವ ಎಲ್ಲ ಸಾಧ್ಯತೆಯೂ ಇತ್ತು.

ಇದನ್ನು ಹೇಳಿದಾಗ ವೀಣಾ ಮೇಜಿನಿಂದ ಹಿಂದೆ ಸರಿದರು. ಆಮೇಲೆ, "ಈಗ್ಲೇ ಕಿತ್ತಾಕಿ ಮೇಡಂ," ಎಂದರು.

ಅಷ್ಟರಲ್ಲಿ ಸಿರಿ ಎದ್ದು ಬಂದು ಮೇಜಿನ ಹತ್ತಿರ ನಿಂತಿದ್ದಳು. "ರಿಪೇರಿ ಮಾಡಿದ್ರೆ ಅಳೋದು ನಿಂತೋಗುತ್ತಾ ಆಂಟಿ?"

"ನಿಲ್ಲುತ್ತೆ ಕಣಮ್ಮ."

"ಆಮೇಲೆ ಏನೂ ಕೇಳ್ಸಲ್ವಾ?"

ಸಾಲ್ಡರಿಂಗ್ ಐರನ್ ಕಾದಿತ್ತು. ನಾನದನ್ನು ಸ್ಟ್ಯಾಂಡಿಗೆ ಹಾಕಿದೆ. ಬೋರ್ಡಿಗೆ ಮತ್ತೆ ಮಿತಿಯ ಕರೆಂಟ್ ಕೊಟ್ಟು, ಆ ಸದ್ದನ್ನು ಮೊಬೈಲಿನಲ್ಲಿ ರೆಕಾರ್ಡ್ ಮಾಡಿ, ಕಂಪ್ಯೂಟರಿಗೆ ಹಾಕಿ ಎಂಟು ಪಟ್ಟು ನಿಧಾನ ಮಾಡಿದೆ. ಈಗ ಅದು ನಮ್ಮ ಕಿವಿಗೂ ದಕ್ಕುವಷ್ಟು ಕೆಳಗಿಳಿಯಿತು. ತೆಳುವಾದ, ಉಸಿರು ತೆಗೆದುಕೊಳ್ಳದ ಒಂದು ಕೊರಗು. ಏರಿ, ನಡುಗಿ, ಇಳಿದು ಮತ್ತೆ ಏರುತ್ತಿತ್ತು. ಕಾರಣ ಗೊತ್ತಿದ್ದೂ ನಾನದನ್ನು ಅಳು ಎಂದೇ ಕೇಳಿಸಿಕೊಂಡೆ.

ವೀಣಾ ಮಗಳನ್ನು ಎಳೆದು ತಬ್ಬಿಕೊಂಡರು. "ಇದನ್ನ ಇಷ್ಟ್ ದಿನ ನೀನೊಬ್ಳೇ ಕೇಳ್ತಿದ್ಯೇನೇ?"

ಸಿರಿ ಆಗ ಅತ್ತಳು. ಅತ್ತು ಮುಗಿದ ಮೇಲೆ ಅವಳೇ ನನ್ನತ್ತ ತಿರುಗಿ, "ಈಗ ತೆಗೀರಿ ಆಂಟಿ," ಎಂದಳು.

ಹೊಸ ಕೆಪಾಸಿಟರ್ ಕೂರಿಸಿದೆ, ಬ್ಯಾಟರಿ ಬದಲಿಸಿದೆ, ಸ್ಪೀಕರ್ ಜೋಡಿಸಿದೆ. ಸ್ವಿಚ್ ಒತ್ತಿ ಹುಡುಗಿಯ ಮುಖ ನೋಡಿದೆ. ಅವಳು ತಲೆ ಓರೆ ಮಾಡಿ ಆಲಿಸಿ, ಇಲ್ಲವೆಂದು ತಲೆಯಾಡಿಸಿದಳು.

ಒಂದು ವಿಷಯ ಮಾತ್ರ ನನಗೆ ಇಂದಿಗೂ ಬಗೆಹರಿದಿಲ್ಲ. ಅವರು ಹೋದ ಮೇಲೆ ಹಳೆಯ ಬ್ಯಾಟರಿಯನ್ನು ಅಳೆದರೆ ಸೊನ್ನೆ. ತೀರ ಬರಿದಾದಾಗ ಅದರೊಳಗಿನ ರಕ್ಷಣಾ ಸರ್ಕ್ಯೂಟ್ ಕರೆಂಟನ್ನು ಪೂರ್ತಿ ಕಡಿದುಹಾಕುತ್ತದೆ. ಆಮೇಲೆ ಸದ್ದು ಹುಟ್ಟುವ ಮಾತೇ ಇಲ್ಲ. ಆದರೆ ಬೆಳಿಗ್ಗೆ ಬೀರುವಿನಿಂದ ಸದ್ದು ಕೇಳಿದೆ ಎಂದೇ ಸಿರಿ ಹೇಳಿದ್ದು. ಸ್ಕೂಟರಿನಲ್ಲಿ ತರುವಾಗ ದಾರಿಯಲ್ಲಿ ಆ ಸರ್ಕ್ಯೂಟ್ ಕರೆಂಟನ್ನು ಕಡಿದಿರಬಹುದು ಎಂದು ನಾನು ಸಮಾಧಾನ ಮಾಡಿಕೊಂಡಿದ್ದೇನೆ.

ಆ ದಿನದಿಂದ, ಗಿರಾಕಿಗಳು ಏನೋ ಸದ್ದು ಬರ್ತಿದೆ ಎಂದು ಹೇಳಿ ನನಗದು ಕೇಳದಿದ್ದಾಗ, "ಏನೂ ಇಲ್ಲ" ಎಂದು ನಾನು ಹೇಳುವುದಿಲ್ಲ. "ನಂಗೆ ಕೇಳ್ತಾ ಇಲ್ಲ, ನೀವು ಹೇಳಿ," ಎಂದು ಹೇಳಿ ಸ್ಟೂಲನ್ನು ಅವರ ಕಡೆ ಸರಿಸುತ್ತೇನೆ.