ಟೇಲರಣ್ಣನ ತೂಕ

ಗಂಟಲಿನ ಕ್ಯಾನ್ಸರ್ ಎಂದು ಗೊತ್ತಾದ ದಿನವೇ ಡಾಕ್ಟರು ಟೇಲರಣ್ಣನಿಗೆ ಖಡಾಖಂಡಿತವಾಗಿ ಹೇಳಿದ್ದರು: "ಬೀಡಿ ಮುಟ್ಬೇಡಿ. ರೇಡಿಯೇಷನ್ ಒಂದು ದಿನಾನೂ ತಪ್ಪಿಸ್ಬೇಡಿ, ಮಧ್ಯ ಬಿಟ್ರೆ ಗಡ್ಡೆ ಮತ್ತೆ ಚಿಗುರತ್ತೆ. ತೂಕ ಇಳಿಯೋಕೆ ಬಿಡ್ಬೇಡಿ. ಇಳಿದ್ರೆ ಮೂಗಲ್ಲಿ ಪೈಪು ಹಾಕಿ ಊಟ ಕೊಡ್ಬೇಕಾಗತ್ತೆ."

ಟೇಲರಣ್ಣನಿಗೆ ಕ್ಯಾನ್ಸರಿಗಿಂತ ಆ ಪೈಪಿನದೇ ದಿಗಿಲು. ಅಂಗಡಿಯ ಬಾಗಿಲಲ್ಲೇ ಮೆಷಿನ್ನು ಹಾಕಿಕೊಂಡು, ಬೀದಿಯಲ್ಲಿ ಹೋಗುವವರ ಅಂಗಿ ಎಲ್ಲಿ ಜೋಲುತ್ತಿದೆ ಎಂದು ಕೂತಲ್ಲಿಂದಲೇ ಆಡಿಕೊಳ್ಳುವ ಆಸಾಮಿ ಅವನು. ಮೂಗಿನಲ್ಲಿ ಪೈಪು ಇಳಿಬಿಟ್ಟುಕೊಂಡು ಅದೇ ಬಾಗಿಲಲ್ಲಿ ಕೂತರೆ ಜನ ಬಡ್ಡಿ ಸಮೇತ ತೀರಿಸಿಕೊಳ್ಳದೆ ಬಿಡುತ್ತಾರೆಯೇ?

ಬೀಡಿಯನ್ನು ಅಂದೇ ಬಿಟ್ಟ. ಆಸ್ಪತ್ರೆಗೂ ತಪ್ಪದೆ ಹೋದ. ಕೆಲವು ವಾರಗಳಲ್ಲಿ ಗಂಟಲೆಲ್ಲ ಹುಣ್ಣಾಗಿ, ನೀರು ನುಂಗಿದರೂ ಜೀವ ಹೋಗಿ ಬಂದಂತಾಗುತ್ತಿತ್ತು. ಹೆಂಡತಿ ಅತ್ತ ತಿರುಗಿದಾಗ ಗಂಜಿಯನ್ನು ಬಚ್ಚಲಿಗೆ ಸುರಿಯತೊಡಗಿದ. ಮೈ ಇಳಿಯಿತು. ಕಸುಬು ಕೈಯಲ್ಲಿತ್ತಲ್ಲ, ಅಂಗಿ ಪ್ಯಾಂಟುಗಳಿಗೆ ಒಳಗಿಂದ ಹೊಲಿಗೆ ಹಾಕಿ ಸದ್ದಿಲ್ಲದೆ ಚಿಕ್ಕದು ಮಾಡಿಕೊಂಡ. ತೂಕ ನೋಡುವ ದಿನ ಕಬ್ಬಿಣದ ಕತ್ತರಿಯನ್ನೂ ಹಿತ್ತಾಳೆ ಗುಂಡಿಗಳ ಗಂಟನ್ನೂ ಒಳಜೇಬಿಗಿಳಿಸಿ ಯಂತ್ರ ಹತ್ತಿದ.

"ನಮ್ಮನೆಯವ್ರು ಒಂದು ಚೂರೂ ಇಳಿದಿಲ್ಲ," ಎಂದು ಹೆಂಡತಿ ಅಕ್ಕಪಕ್ಕದವರ ಮುಂದೆ ಬೀಗುತ್ತಿದ್ದಳು. ಅದು ಕಿವಿಗೆ ಬಿದ್ದಾಗಲೆಲ್ಲ ಅವನಿಗೆ ಸಂಕಟವಾಗುತ್ತಿತ್ತು.

ರೇಡಿಯೇಷನ್ ಕೊಡುವಾಗ ತಲೆ ಅಲುಗದಂತೆ ಮುಖಕ್ಕೆ ಪ್ಲಾಸ್ಟಿಕ್ಕಿನ ಬಲೆಯೊಂದನ್ನು ಬಿಗಿಯುತ್ತಾರೆ. ಚಿಕಿತ್ಸೆಗೆ ಮೊದಲೇ ಅವನ ಮುಖದ ಅಳತೆಗೆ ಅಚ್ಚು ತೆಗೆದದ್ದು. ಅದಕ್ಕೆ ಹೊಲಿಗೆ ಹಾಕಲು ಟೇಲರಣ್ಣನಿಂದಲೂ ಆಗಲಿಲ್ಲ. ಒಂದು ಬೆಳಿಗ್ಗೆ ಮೆಷಿನ್ ನೋಡಿಕೊಳ್ಳುವ ಹುಡುಗಿ ಬಲೆಗೂ ದವಡೆಗೂ ನಡುವೆ ಬೆರಳು ತೂರಿಸಿದಳು.

"ಅಂಕಲ್, ಇದು ಲೂಸಾಗಿದೆಯಲ್ಲ! ಹೀಗೇ ಕೊಟ್ರೆ ಕಿರಣ ಗಡ್ಡೆ ಬಿಟ್ಟು ಬೇರೆ ಕಡೆ ಬೀಳತ್ತೆ. ಹೊಸದು ಮಾಡೋವರೆಗೂ ನಿಲ್ಲಿಸ್ಬೇಕು."

"ನಿಲ್ಲಿಸ್ಬೇಡಮ್ಮಾ," ಎಂದ ಅವನು, ಇದ್ದಷ್ಟು ದನಿಯಲ್ಲಿ. ಒಂದು ದಿನವೂ ತಪ್ಪಿಸದೆ ಕಾಪಾಡಿಕೊಂಡು ಬಂದದ್ದಕ್ಕೆ ತಾನೇ ಕಲ್ಲು ಹಾಕಿದ್ದ.

ಹೊರಗೆ ಬಂದವನೇ ಡಾಕ್ಟರ ಎದುರು, ಹೆಂಡತಿಯ ಎದುರು, ಎಲ್ಲವನ್ನೂ ಒಪ್ಪಿಕೊಂಡ. ಆಕೆ ಬೈಯಲಿಲ್ಲ. "ನಂಗಾದ್ರೂ ಹೇಳ್ಬಾರ್ದಾಗಿತ್ತೇನ್ರೀ?" ಎಂದಳಷ್ಟೆ. ಅವನಿಗೆ ನಾಚಿಕೆಯಿಂದ ತಲೆಯೆತ್ತಲಾಗಲಿಲ್ಲ.

"ಪೈಪು ಹಾಕ್ಬಿಡಿ ಸಾರ್," ಎಂದ.

ಹೊಸ ಬಲೆ ಸಿದ್ಧವಾಗಿ ರೇಡಿಯೇಷನ್ ಮತ್ತೆ ಶುರುವಾದ ಮಧ್ಯಾಹ್ನ ಅವನು ಅಂಗಡಿಯ ಬಾಗಿಲಲ್ಲೇ ಕೂತ. ದಾರಿಯಲ್ಲಿ ಹೋಗುವವರು ತಿರುತಿರುಗಿ ನೋಡುತ್ತಿದ್ದರು. ಹೆಂಡತಿ ಪಕ್ಕದಲ್ಲಿ ನಿಂತು ಗಂಜಿಯ ತಿಳಿಯನ್ನು ಪೈಪಿಗೆ ನಿಧಾನವಾಗಿ ಬಿಡುತ್ತಿದ್ದಳು.

"ಉಪ್ಪು ಕಮ್ಮಿಯಾಯ್ತು ಕಣೇ," ಎಂದು ಅವನು ಪಿಸುಗುಟ್ಟಿದ.

ಆಕೆ ಗಾಬರಿಯಿಂದ ಲೋಟಕ್ಕೆ ಬೆರಳದ್ದಿ ನಾಲಿಗೆಗಿಟ್ಟುಕೊಂಡಳು. ಆಮೇಲೆ ಅವನ ಮುಖ ನೋಡಿದಳು. ಮೂಗಿನಲ್ಲಿ ಇಳಿಯುವ ಗಂಜಿಗೆ ಎಲ್ಲಿಯ ಉಪ್ಪು, ಎಲ್ಲಿಯ ಖಾರ! ನಗು ಬಂತು, ಅದರ ಬೆನ್ನಿಗೇ ಇಷ್ಟು ದಿನ ತಡೆದಿಟ್ಟ ಅಳುವೂ ಬಂತು.

"ಸುಮ್ನೆ ಕೂತ್ಕೊಳ್ರೀ," ಎಂದು ಸೆರಗಿನಿಂದ ಕಣ್ಣೊರೆಸಿಕೊಂಡು, ಲೋಟದಲ್ಲಿ ಒಂದು ಹನಿಯೂ ಉಳಿಯದಂತೆ ಬಿಟ್ಟಳು.