ಅಮ್ಮನಿಗೆ ಗೊತ್ತಿದ್ದ ಕ್ಲಚ್ಚು

“ಅದಲ್ಲ ಕಣೋ. ಮೊದಲು ಬೋಳು ಬಿಲ್ಲೆ, ಆಮೇಲೆ ಬೆಂಡಿನ ಬಿಲ್ಲೆ. ನಿಮ್ಮಣ್ಣ ಹಾಗೇ ಹಾಕ್ತಿದ್ದ.”

ಹಿಂದೆ ನಿಂತು ಹೀಗೆಂದವಳು ಅಮ್ಮ. ನಾನು ಬೆಚ್ಚಿಬಿದ್ದೆ. ಅದು ಐವತ್ತರ ದಶಕದ ರಾಜಾಜಿನಗರ. ಅಣ್ಣ ಜ್ವರದಲ್ಲಿ ತೀರಿಕೊಂಡು ವರ್ಷವಾಗಿತ್ತು. ಅಂದಿನಿಂದ ಅಮ್ಮ ಅವನ ಮೋಟಾರ್ ಸೈಕಲ್ಲಿನ ಕಡೆ ತಿರುಗಿಯೂ ನೋಡಿರಲಿಲ್ಲ. ಕ್ಲಚ್ ರಿಪೇರಿಗೆಂದು ಎಂಜಿನ್ ಬಿಚ್ಚಿದ್ದ ನನಗೆ, ಮತ್ತೆ ಜೋಡಿಸುವಾಗ ಕ್ಲಚ್ಚಿನ ಬರೀ ಉಕ್ಕಿನ ಬಿಲ್ಲೆ, ಬೆಂಡಿನ ತುಂಡು ಕೂರಿಸಿದ ಬಿಲ್ಲೆ, ಇವುಗಳಲ್ಲಿ ಯಾವುದರ ಮೇಲೆ ಯಾವುದು ಎಂಬುದೇ ಮರೆತುಹೋಗಿತ್ತು.

ಅಮ್ಮ ಸೆರಗು ಸಿಕ್ಕಿಸಿಕೊಂಡು ಪಕ್ಕದಲ್ಲಿ ಕುಳಿತಳು. ಅಣ್ಣ ಕೆಲಸ ಮಾಡುವಾಗ ಅಕ್ಕಿ ಆರಿಸುತ್ತಾ ಎಲ್ಲವನ್ನೂ ಗಮನಿಸುತ್ತಿದ್ದಳಂತೆ. ಒಂದೊಂದೇ ಬಿಲ್ಲೆಯನ್ನು ಬಟ್ಟೆಯಲ್ಲಿ ಒರೆಸಿ ನನ್ನ ಕೈಗೆ ಕೊಟ್ಟಳು. ಸಂಜೆಯ ಹೊತ್ತಿಗೆ ಮುಚ್ಚಳ ಬಿಗಿದು ಕಿಕ್ಕರ್ ಒದ್ದೆ. ಮೂರನೆಯ ಸಲಕ್ಕೆ ಎಂಜಿನ್ ಶುರುವಾಯಿತು. ಅಮ್ಮ ಟ್ಯಾಂಕಿನ ಮೇಲೆ ಕೈಯಿಟ್ಟಳು.

“ನನ್ನನ್ನೂ ಒಂದು ಸುತ್ತು ಕರ್ಕೊಂಡು ಹೋಗ್ತೀಯೇನೋ? ಅವನು ಎಷ್ಟು ಸಲ ಕರೆದ, ನಾಚ್ಕೊಂಡು ಹೋಗ್ಲೇ ಇಲ್ಲ.”

ಮಾಗಡಿ ರಸ್ತೆಯವರೆಗೆ ಹೋಗಿ ಬಂದೆವು. ದಾರಿಯುದ್ದಕ್ಕೂ ಅವಳು ನನ್ನ ಭುಜವನ್ನು ಬಿಗಿಯಾಗಿ ಹಿಡಿದಿದ್ದಳು.

ಅಮ್ಮನಿಗೆ ನೋವಾದೀತೆಂದು ಮನೆಯಲ್ಲಿ ಅಣ್ಣನ ಹೆಸರೆತ್ತುವುದನ್ನೇ ನಾನು ಬಿಟ್ಟಿದ್ದೆ. ಆ ರಾತ್ರಿ ಊಟಕ್ಕೆ ಕುಳಿತಾಗ ಇಬ್ಬರೂ ಅವನ ಮಾತನ್ನೇ ಆಡಿದೆವು. ಆಮೇಲೆ ಎಂದೂ ನಿಲ್ಲಿಸಲಿಲ್ಲ.